ಟಾಪ್ ಗನ್: ಟಿವಿಗೆ ಪೇಪರ್ ಅಂಟಿಸಿ ವಿಮಾನ ಇಳಿಸಿದೆ

ಕೊನಾಮಿ ಕಂಪನಿಯ 1987ರ ಯುದ್ಧವಿಮಾನದ ವಿಡಿಯೋ ಗೇಮ್ ಟಾಪ್ ಗನ್ ಆಡಿದವರಿಗೆ ಶತ್ರು ವಿಮಾನಗಳು ಅಷ್ಟು ದೊಡ್ಡ ತಲೆನೋವಲ್ಲ, ಕೊನೆಗೆ ವಿಮಾನ ಇಳಿಸಬೇಕಾದ ಹಡಗೇ ತಲೆನೋವು. ಎಲ್ಲರನ್ನೂ ಹೊಡೆದುರುಳಿಸಿ ಬಂದು, ಇಳಿಯುವಾಗ ಸಮುದ್ರಕ್ಕೆ ಬೀಳುವುದು. ಹಳೇ ಗೇಮ್‌ಗಳನ್ನು ಬೈಯುತ್ತಾ ವಿಡಿಯೋ ಮಾಡುವ ಆಂಗ್ರಿ ವಿಡಿಯೋ ಗೇಮ್ ನರ್ಡ್ ಕೂಡ ಇದಕ್ಕೇ ಬಾಯಿಗೆ ಬಂದಂತೆ ಬೈದಿದ್ದಾನೆ. ಆಡಿದವರನ್ನು ಕೇಳಿದರೂ ಅದೇ ದೂರು. ನನಗೂ ಹಾಗೇ ಅನ್ನಿಸುತ್ತಿತ್ತು. ಈಗಿಲ್ಲ. ಈಗ ಹತ್ತಕ್ಕೆ ಒಂಬತ್ತು ಸಲ ಇಳಿಸುತ್ತೇನೆ.

ಮೊದಲು ದುಡ್ಡಿನ ಕಥೆ. ಹಳೇ ಟಿವಿ ಗೇಮ್ ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಆರುನೂರಕ್ಕೋ ಏಳುನೂರಕ್ಕೋ ಸಿಕ್ಕಿತು. ಕ್ಯಾಸೆಟ್‌ಗೆ ಇನ್ನೂರೈವತ್ತು ಕೊಟ್ಟೆ. ಮನೆಗೆ ತಂದು, ಊದಿ, ಒರೆಸಿ ಹಾಕಿದರೆ ಒಳಗೆ ಟ್ಯಾಂಕ್ ಆಟ. ಮೇಲಿನ ಚೀಟಿ ಮಾತ್ರ ಟಾಪ್ ಗನ್! ಎರಡನೇದು ಸರಿ ಇತ್ತು, ಆದರೆ ಕಂಟ್ರೋಲರ್‌ನ ಎಡಗಡೆ ಬಟನ್ ಒತ್ತಿದರೆ ಮೂರು ಸಲಕ್ಕೊಮ್ಮೆ ಕೆಲಸ ಮಾಡುತ್ತಿತ್ತು. ಆ ಬಟನ್ ನಂಬಿಕೊಂಡು ಒಂದು ತಿಂಗಳು ಮುಳುಗಿದೆ. ಒಳಗಿನ ರಬ್ಬರ್ ಬದಲಾಯಿಸಿದ ಮೇಲೂ ಮುಳುಗಿದೆ ಅನ್ನುವುದು ಬೇರೆ ಮಾತು. ಗುಜರಿಯಿಂದ ಎಂಟುನೂರು ಕೊಟ್ಟು ಡಬ್ಬಾ ಟಿವಿ ತಂದೆ. ಚಿತ್ರ ಚೆನ್ನಾಗಿ ಬಂತು, ವಿಮಾನ ಮಾತ್ರ ಅಲ್ಲೇ ನೀರಿಗೆ.

ಆಮೇಲೆ ನೋಟ್‌ಬುಕ್ ಹಿಡಿದೆ. ಪ್ರತಿ ಸಲವೂ ಕೊನೆಯ ಕ್ಷಣದ ಎತ್ತರ, ವೇಗ ಎರಡನ್ನೂ ಗೀಚಿಟ್ಟೆ. ಆಟ ಹೇಳುವುದು ಎತ್ತರ 200, ವೇಗ 288. ಎಲ್ಲರೂ ಅದೇ ಅಂಕಿಗೆ ಜೋತು ಬೀಳುತ್ತಾರೆ, 10 ಆಚೀಚೆ ಆದರೆ ಗಾಬರಿಯಾಗಿ ಬಟನ್ ಜಜ್ಜುತ್ತಾರೆ. ನಲವತ್ತು-ಐವತ್ತು ಸಲ ಬರೆದ ಮೇಲೆ ಗೊತ್ತಾಯಿತು: ಎತ್ತರ 120ರಲ್ಲೂ ಇಳಿಯುತ್ತದೆ, 280ರಲ್ಲೂ ಇಳಿಯುತ್ತದೆ. ವೇಗ 250ಕ್ಕೂ ಸರಿ, 330ಕ್ಕೂ ಸರಿ. ನಡುವೆ ಏನೇ ಆಗಲಿ, ಕೊನೆಯಲ್ಲಿ ಅಂಕಿ ಸರಿ ಇದ್ದು, ಹಡಗಿಗೆ ನೇರವಾಗಿದ್ದರೆ ಸಾಕು.

ಚಿಕ್ಕಪ್ಪನ ಮಗನಿಗೆ ಹೇಳಿದೆ. "ಅಣ್ಣಾ, ಬಂಡಲ್ ಬಿಡ್ಬೇಡ" ಅಂದ. ಆಟದ ಕೋಡ್ ಬಿಚ್ಚಿ ನೋಡಿದವರು ಆಮೇಲೆ ಬರೆದರು: ಎತ್ತರ 100ರಿಂದ 299, ವೇಗ 238ರಿಂದ 337. ನನ್ನ ನೋಟ್‌ಬುಕ್ ಅದಕ್ಕೆ ಎಷ್ಟು ಹತ್ತಿರ ಇತ್ತು, ನೋಡಿ! ಅಷ್ಟು ಅಗಲದ ಬಾಗಿಲು ಇಟ್ಟು ಸೂಜಿಯ ಕಣ್ಣಿನಂತೆ ತೋರಿಸಿದ್ದೇ ಈ ಆಟದ ತಪ್ಪು. ಇಳಿಸುವುದು ಕಷ್ಟ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಅವನು ಆಗಲೂ ನಂಬಲಿಲ್ಲ. ಅದಕ್ಕೇ ಪೇಪರ್ ಅಂಟಿಸಿದೆ. ಸಮುದ್ರ, ಹಡಗು ಎಲ್ಲ ಮುಚ್ಚಿತು, ಕೆಳಗಿನ ಅಂಕಿ, ಸೂಚನೆಗಳಷ್ಟೇ ಉಳಿದವು. ಎಡ, ಬಲ ಅಂತ ಆಟ ಅಲ್ಲಿ ಬರೆದು ತೋರಿಸಿದಾಗ ಒಂದೇ ಸಣ್ಣ ಒತ್ತು, ಬಿಡು, ಕಾಯಿ. ಮೊದಲು ದಿಕ್ಕು, ಆಮೇಲೆ ವೇಗ, ಎತ್ತರ ಕೊನೆಗೆ. ಒತ್ತಿ ಹಿಡಿದರೆ ಕೆಟ್ಟಿತು. ಬಿಟ್ಟ ಮೇಲೆ ಎಷ್ಟು ಎಣಿಸಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ, ನಿಮ್ಮ ಕಂಟ್ರೋಲರ್‌ಗೆ ಅದು ಬೇರೆ ಬರಬಹುದು. ಮೊದಲ ಸಲ ಮುಳುಗಿದೆ, ಅವನು ನಕ್ಕ. ಎರಡನೇ ಸಲ ಪೇಪರ್ ತೆಗೆದಾಗ ವಿಮಾನ ಹಡಗಿನ ಮೇಲಿತ್ತು. ಎರಡು ಬೆಣ್ಣೆ ದೋಸೆ ಅವನ ಲೆಕ್ಕದಲ್ಲಿ.

ಇದೇ ಟಿವಿ ಗೇಮ್ ಅನ್ನು ಹೊಸ ಎಲ್‌ಇಡಿ ಟಿವಿಗೂ ಹಾಕಿ ನೋಡಿದೆ. ಬಟನ್ ಒತ್ತಿದ್ದು ಸ್ವಲ್ಪ ತಡವಾಗಿ ಕಾಣುತ್ತದೆ, ಎಣಿಕೆ ತಪ್ಪುತ್ತದೆ. ಪೇಪರ್ ವಿದ್ಯೆಯನ್ನು ಆಕಾಶದಲ್ಲಿ ಇಂಧನ ತುಂಬಿಸುವ ಜಾಗದಲ್ಲೂ ಪ್ರಯತ್ನಿಸಿದೆ. ನಡೆಯಲಿಲ್ಲ, ಅಲ್ಲಿ ಕಣ್ಣು ಬೇಕೇ ಬೇಕು. ಅದಕ್ಕೆ ಬೇರೆ ಉಪಾಯ ಇದೆ, ಸದ್ಯಕ್ಕೆ ಹತ್ತಕ್ಕೆ ಆರು. ಅದು ಎಂಟಾದ ಮೇಲೆ ಹೇಳುತ್ತೇನೆ.