ಮೊದಲು ಈರುಳ್ಳಿ, ಆಮೇಲೆ ಎಣ್ಣೆ: ಅಡಿಸ್ ಅಬಾಬಾದಲ್ಲಿ ಕಲಿತ ಆಲೂಗಡ್ಡೆ ವತ್

ದಿನಿಚ್ ವತ್ ಎಂದರೆ ಇಥಿಯೋಪಿಯಾದ ಖಾರದ ಆಲೂಗಡ್ಡೆ ಗೊಜ್ಜು. ಇದಕ್ಕೆ ಒಗ್ಗರಣೆ ಇಲ್ಲ. ಸಾಸಿವೆ ಇಲ್ಲ, ಕರಿಬೇವು ಇಲ್ಲ. ಒಲೆ ಮೇಲಿನ ಪಾತ್ರೆಗೆ ಮೊದಲು ಬೀಳುವುದು ಸಣ್ಣಗೆ ಹೆಚ್ಚಿದ ಈರುಳ್ಳಿ, ಅದೂ ಎಣ್ಣೆ ಇಲ್ಲದೆ. ಧಾರವಾಡದ ಕಡೆ ಅಡುಗೆ ಕಲಿತ ನನಗೆ ಇದು ವಿಚಿತ್ರ ಅನ್ನಿಸಿತ್ತು. ಈಗ ಅಡಿಸ್ ಅಬಾಬಾದ ನಮ್ಮ ಮನೆಯಲ್ಲಿ ಬುಧವಾರ, ಶುಕ್ರವಾರ ಬಂತೆಂದರೆ ಸಾಮಾನ್ಯವಾಗಿ ಇದೇ ಅಡುಗೆ.

ಆ ಎರಡು ದಿನ ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಮುಟ್ಟುವುದಿಲ್ಲ. ಈಸ್ಟರ್‌ಗೆ ಮುಂಚಿನ ಹುದಾದೆ ಉಪವಾಸ 55 ದಿನ ನಡೆಯುತ್ತದೆ. ಹೀಗಾಗಿ ಇಲ್ಲಿ ವೀಗನ್ ಅಡುಗೆ ಎಂದರೆ ಏನನ್ನೋ ತೆಗೆದು ಹೊಂದಿಸಿಕೊಂಡಿದ್ದಲ್ಲ. ಶತಮಾನಗಳಿಂದ ಮನೆಮನೆಯಲ್ಲಿ ಹದವಾಗಿ ಬಂದ ಅಡುಗೆ. ನಾನು ಅದನ್ನು ಇಷ್ಟು ಹಚ್ಚಿಕೊಂಡಿರುವುದು ಅದಕ್ಕೇ.

ಕಲಿಸಿದವರು ನಮ್ಮ ಪಕ್ಕದ ಮನೆಯ ಹಿರಿಯರು. ಎಲ್ಲರ ಹಾಗೆ ನಾನೂ ಅವರನ್ನು ಎಮಾಮಾ ಎಂದೇ ಕರೆಯುತ್ತೇನೆ. ಅಳತೆ ಕೇಳಿದರೆ ಪಾತ್ರೆ ತೋರಿಸುತ್ತಾರೆ. ಹಾಗಾಗಿ ಕೆಳಗಿನ ಅಳತೆಗಳು ನಾನು ಮಾಡುತ್ತಾ ಮಾಡುತ್ತಾ ಗೊತ್ತು ಮಾಡಿಕೊಂಡದ್ದು, ನಾಲ್ಕು ಜನಕ್ಕೆ ಸಾಕು.

ಅರ್ಧ ಕೆಜಿ ಆಲೂಗಡ್ಡೆಗೆ ಅರ್ಧ ಕೆಜಿ ಈರುಳ್ಳಿ. ಹೌದು, ಸಮ ಸಮ. ಇದರಲ್ಲಿ ಜಿಪುಣತನ ಬೇಡ. ಇಲ್ಲಿ ಸಿಗುವ ಸಣ್ಣ ಕೆಂಪು ಈರುಳ್ಳಿ ಇದ್ದರೆ ಇನ್ನೂ ಒಳ್ಳೆಯದು. ಎಷ್ಟು ಸಣ್ಣಗೆ ಸಾಧ್ಯವೋ ಅಷ್ಟು ಸಣ್ಣಗೆ ಹೆಚ್ಚಬೇಕು. ಮಿಕ್ಸಿಗೆ ಹಾಕಿದರೆ ನೀರು ಬಿಟ್ಟು ಹಸಿ ವಾಸನೆ ಉಳಿಯುತ್ತದೆ, ಆದ್ದರಿಂದ ನಾನು ಚಾಕುವನ್ನೇ ನಂಬುತ್ತೇನೆ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗೆ ಇಟ್ಟು ಕೈಯಾಡಿಸುತ್ತಿರಬೇಕು. ಈರುಳ್ಳಿ ಮೊದಲು ತನ್ನ ನೀರು ಬಿಡುತ್ತದೆ, ಆಮೇಲೆ ಆ ನೀರು ಇಂಗುತ್ತದೆ. ತಳ ಹಿಡಿಯತೊಡಗಿದರೆ ಒಂದು ಚಮಚ ಬಿಸಿನೀರು. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಹೋಳು ಕರಗಿ ಕೆಂಪಗೆ, ಸಿಹಿ ಸಿಹಿಯಾಗಿ ಮುದ್ದೆಯಾಗುತ್ತದೆ. ವತ್‌ಗೆ ಮಂದ ಬರುವುದು ಇದರಿಂದಲೇ. ಹಿಟ್ಟಿಲ್ಲ, ತೆಂಗಿಲ್ಲ, ಹುರಿಗಡಲೆ ಇಲ್ಲ. ನಾನು ಅವಸರ ಮಾಡಿದಾಗೆಲ್ಲ ಎಮಾಮಾ ಇಣುಕಿ ನೋಡಿ, 'ಇನ್ನೂ ನೀರಿದೆ ಮಗಳೇ, ಕಾಯಬೇಕು' ಎನ್ನುತ್ತಿದ್ದರು.

ಈಗ ಎಣ್ಣೆ, ಆರು ದೊಡ್ಡ ಚಮಚ. ಜಾಸ್ತಿ ಅನ್ನಿಸಬಹುದು, ಆದರೆ ಮುಂದೆ ಹಾಕುವ ಬರ್ಬರೆ ಎಂಬ ಮಸಾಲೆ ಖಾರದ ಪುಡಿಯ ಬಣ್ಣ, ಖಾರ ಎರಡೂ ಎಣ್ಣೆಯಲ್ಲೇ ಬಿಟ್ಟುಕೊಳ್ಳುವುದು. ಉಪವಾಸವಿಲ್ಲದ ದಿನ ಮಸಾಲೆ ಹಾಕಿ ಕಾಯಿಸಿದ ಬೆಣ್ಣೆ ಬಳಸುತ್ತಾರೆ. ಉಪವಾಸದ ದಿನದ ಹಳೆಯ ಎಣ್ಣೆ ಎಂದರೆ ನೂಗ್ ಎಣ್ಣೆ. ಮಾರುಕಟ್ಟೆಯಲ್ಲಿ ನೂಗ್ ಕಾಳು ಕೈಗೆ ತೆಗೆದುಕೊಂಡಾಗ ನನಗೆ ಮೈ ಜುಮ್ಮೆಂದಿತ್ತು. ಅದು ನಮ್ಮ ಗುರೆಳ್ಳು! ಹಳೇ ಮೈಸೂರಿನವರು ಹುಚ್ಚೆಳ್ಳು ಎನ್ನುತ್ತಾರಲ್ಲ, ಅದೇ. ಈ ಬೆಳೆಯ ತವರೇ ಇಥಿಯೋಪಿಯಾದ ಎತ್ತರದ ನೆಲ. ಗುರೆಳ್ಳು ಚಟ್ನಿಪುಡಿ ತಿಂದು ಬೆಳೆದವರಿಗೆ ಈ ವತ್ ಮೊದಲ ತುತ್ತಿಗೇ ಹತ್ತಿರವಾಗುತ್ತದೆ. ಊರಲ್ಲಿ ಗಾಣದ ಹುಚ್ಚೆಳ್ಳೆಣ್ಣೆ ಸಿಗದಿದ್ದರೆ ಕುಸುಬೆ ಎಣ್ಣೆ ಬಳಸಿ.

ಎಣ್ಣೆ ಬೆರೆತ ಮೇಲೆ ಎಂಟು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ ಜಜ್ಜಿ ಹಾಕಿ. ಹಿಂದೆಯೇ ಮೂರು ದೊಡ್ಡ ಚಮಚ ಬರ್ಬರೆ. ಇದು ಒಣಮೆಣಸಿನಕಾಯಿ ಜೊತೆ ಬೆಳ್ಳುಳ್ಳಿ, ಶುಂಠಿ, ಮೆಂತ್ಯ, ಓಂಕಾಳು, ಕಲೋಂಜಿ, ತುಳಸಿಯ ಜಾತಿಯ ಒಂದು ಸೊಪ್ಪು, ಕೊರರಿಮಾ ಎಂಬ ಇಲ್ಲಿನ ಏಲಕ್ಕಿ ಎಲ್ಲ ಸೇರಿಸಿ ಬಿಸಿಲಿಗೆ ಒಣಗಿಸಿ ಗಿರಣಿಗೆ ಹಾಕಿಸುವ ಪುಡಿ. ಮನೆಗೆ ಬೇಕಾದಷ್ಟನ್ನು ಒಮ್ಮೆಗೇ ಮಾಡಿಡುತ್ತಾರೆ. ಧಾರವಾಡಕ್ಕೆ ಹೋದಾಗ ನಾನು ಮಾಡಿಕೊಳ್ಳುವುದು ಹೀಗೆ: ಬ್ಯಾಡಗಿ ಮೆಣಸಿನಕಾಯಿ ಇಪ್ಪತ್ತು, ಗುಂಟೂರು ನಾಲ್ಕು, ಎರಡು ಚಮಚ ಕೊತ್ತಂಬರಿ, ಅರ್ಧರ್ಧ ಚಮಚ ಮೆಂತ್ಯ, ಓಂಕಾಳು, ಕಲೋಂಜಿ, ಐದಾರು ಹಸಿರು ಏಲಕ್ಕಿಯ ಕಾಳು, ಎರಡು ಲವಂಗ, ಚಿಟಿಕೆ ಜಾಯಿಕಾಯಿ. ಬೆಚ್ಚಗಾಗುವಷ್ಟೇ ಹುರಿದು ನುಣ್ಣಗೆ ಪುಡಿ ಮಾಡಬೇಕು. ಕೊಬ್ಬರಿ, ಇಂಗು ಹಾಕಬೇಡಿ, ಸಾರಿನ ಪುಡಿಯ ರುಚಿ ಬಂದುಬಿಡುತ್ತದೆ. ಕಪ್ಪು ಏಲಕ್ಕಿಯೂ ಬೇಡ, ಅದರ ಹೊಗೆ ವಾಸನೆ ಉಳಿದೆಲ್ಲವನ್ನೂ ನುಂಗುತ್ತದೆ.

ಬರ್ಬರೆ ಬಿದ್ದ ಮೇಲೆ ಉರಿ ಪೂರ್ತಿ ಸಣ್ಣದಿರಲಿ. ಸೀದರೆ ಕಹಿ. ಆಗಾಗ ಚಮಚ ಬಿಸಿನೀರು ಹಾಕುತ್ತಾ ಹತ್ತು ಹದಿನೈದು ನಿಮಿಷ ಕೈಯಾಡಿಸಿ. ಮೆಣಸಿನ ಘಾಟು ಹೋಗಿ, ಕಡುಗೆಂಪು ಎಣ್ಣೆ ಅಂಚಿಗೆ ಬಂದು ನಿಂತರೆ ಸರಿ. ಅಡುಗೆಯ ಮುಕ್ಕಾಲು ಕೆಲಸ ಇಲ್ಲಿಗೆ ಮುಗಿದ ಹಾಗೆ.

ಇನ್ನು ಆಲೂಗಡ್ಡೆ. ಸಿಪ್ಪೆ ತೆಗೆದು ದೊಡ್ಡ ಹೋಳು ಮಾಡಿ ಹಾಕಿ, ಮಸಾಲೆ ಹತ್ತಿಸಿ, ಉಪ್ಪು ಮತ್ತು ಮೂರು ಲೋಟ ಬಿಸಿನೀರು ಹಾಕಿ ಮುಚ್ಚಿಡಿ. ಅಡಿಸ್ ಸುಮಾರು 2,350 ಮೀಟರ್ ಎತ್ತರದಲ್ಲಿದೆ. ನೀರು 92 ಡಿಗ್ರಿಯ ಹತ್ತಿರವೇ ಕುದಿಯುವುದರಿಂದ ನನಗೆ ಇಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಧಾರವಾಡದಲ್ಲಿ ಇಪ್ಪತ್ತು ನಿಮಿಷ ಸಾಕು. ಕುಕ್ಕರ್ ಬೇಡ, ಹೋಳು ಒಡೆದುಹೋಗುತ್ತದೆ. ಟೊಮೆಟೊ ಬೇಕೇ ಬೇಕು ಎನ್ನುವವರು ಆಲೂಗಡ್ಡೆ ಮೆತ್ತಗಾದ ಮೇಲೆ ಒಂದನ್ನು ಹಾಕಿ. ಮೊದಲೇ ಹಾಕಿದರೆ ಹುಳಿಗೆ ಹೋಳು ಗಟ್ಟಿಯಾಗಿಯೇ ಉಳಿಯುತ್ತದೆ. ನಾನಂತೂ ಹಾಕುವುದಿಲ್ಲ, ಈರುಳ್ಳಿಯ ಸಿಹಿ ಮುಂದೆ ಬರಲಿ ಅಂತ.

ಬೆಂದ ಮೇಲೆ ಎರಡು ಮೂರು ಹೋಳನ್ನು ಸೌಟಿನ ಬೆನ್ನಿನಿಂದ ಕಿವುಚಿ. ಕೊನೆಗೆ ಮೆಕೆಲೆಶಾ ಎಂಬ ಪುಡಿ ಅರ್ಧ ಚಮಚ ಉದುರಿಸಿ ಇಳಿಸುತ್ತಾರೆ. ಕೊರರಿಮಾ, ಕರಿಮೆಣಸು, ಲವಂಗ, ಚಕ್ಕೆ ಇರುವ ಪುಡಿ ಅದು. ಮನೆಯಲ್ಲಿ ಏಲಕ್ಕಿ, ಮೆಣಸು, ಚಕ್ಕೆ ಆಗಲೇ ಕುಟ್ಟಿ ಹಾಕಿದರೂ ನಡೆಯುತ್ತದೆ. ಮಕ್ಕಳಿಗೆ ಖಾರ ಬೇಡವಾದರೆ ಬರ್ಬರೆ ಬದಲು ಅರಿಶಿನ ಹಾಕಿ ಅಲಿಚಾ ಮಾಡುತ್ತಾರೆ, ಅದಕ್ಕೆ ಗಜ್ಜರಿ, ಎಲೆಕೋಸೂ ಹೊಂದುತ್ತದೆ.

ಇದನ್ನು ಬಡಿಸುವುದು ಇಂಜೆರಾ ಮೇಲೆ. ಟೆಫ್ ಎಂಬ ಸಣ್ಣ ಕಾಳಿನ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಒಂದೇ ಬದಿ ಬೇಯಿಸಿದ, ದೋಸೆಯಂಥ ಅಗಲವಾದ ಇಂಜೆರಾ, ಮೈತುಂಬ ಸಣ್ಣ ಸಣ್ಣ ತೂತು. ರಸ ಅದರಲ್ಲಿ ಇಳಿಯುತ್ತದೆ. ಟೆಫ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ, ಪರವಾಗಿಲ್ಲ. ಇಲ್ಲಿ ರಾಗಿ, ಜೋಳದ ಹಿಟ್ಟಿನ ಇಂಜೆರಾವನ್ನೂ ಮಾಡುತ್ತಾರೆ. ಈ ರಾಗಿ ಕೂಡ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದಲೇ ನಮ್ಮಲ್ಲಿಗೆ ಬಂದ ಧಾನ್ಯ. ಆದ್ದರಿಂದ ಜೋಳದ ರೊಟ್ಟಿ ಅಥವಾ ಹುಳಿ ಬಂದ ರಾಗಿ ದೋಸೆ ಜೊತೆ ಧೈರ್ಯವಾಗಿ ಬಡಿಸಿ.

ಮಿಕ್ಕಿದ್ದು ಮರುದಿನಕ್ಕೆ ಗಟ್ಟಿಯಾಗಿರುತ್ತದೆ. ಬೆಳಿಗ್ಗೆ ಅರ್ಧ ಲೋಟ ಬಿಸಿನೀರು ಹಾಕಿ ಕುದಿಸಿ, ಅದರಲ್ಲಿ ಹಿಂದಿನ ದಿನದ ಇಂಜೆರಾ ಹರಿದು ಹಾಕಿ ಕಲಸಿದರೆ ಫಿರ್‌ಫಿರ್. ತಂಗಳು ಜೋಳದ ರೊಟ್ಟಿ ಮುರಿದು ಹಾಕಿದರೂ ಚೆನ್ನಾಗಿರುತ್ತದೆ, ರೊಟ್ಟಿ ನೆನೆಯಲು ಐದು ನಿಮಿಷ ಮುಚ್ಚಿಡಿ.