ಕುಪ್ಯ ಆಮೇಲೆ ಹುಡುಕಿ, ಮೊದಲು ಹಳೇ ಅಂಗಿ ಹುಡುಕಿ

ಕೊಡಗಿನಲ್ಲಿ ಶಾರ್ಟ್ ಫಿಲ್ಮ್ ಮಾಡೋಕೆ ಬರುವ ಹುಡುಗರು ಬಟ್ಟೆ ವಿಷಯಕ್ಕೆ ಬಂದರೆ ಮೊದಲು ಕೇಳೋದು ಒಂದೇ, "ಕುಪ್ಯ ಬಾಡಿಗೆಗೆ ಎಲ್ಲಿ ಸಿಗುತ್ತೆ?" ಕುಪ್ಯ ಅಂದರೆ ಕೊಡವ ಗಂಡಸರು ತೊಡೋ ಉದ್ದ ನಿಲುವಂಗಿ. ಕಥೆ ಏನಪ್ಪಾ ಅಂದರೆ ತೋಟದ ಮನೆಯಲ್ಲಿ ಅಪ್ಪ ಮಗ ಜಗಳ ಆಡೋದು. ಮನೆಯೊಳಗೆ ಜಗಳ ಆಡೋಕೆ ಯಾರಾದರೂ ಕುಪ್ಯ ತೊಟ್ಟು, ಸೊಂಟಕ್ಕೆ ಚೇಲೆ ಅನ್ನೋ ಪಟ್ಟಿ ಕಟ್ಟಿ, ಪೀಚೆಕತ್ತಿ ಅನ್ನೋ ಚಿಕ್ಕ ಕತ್ತಿ ಸಿಕ್ಕಿಸಿಕೊಂಡು ಕೂರ್ತಾರಾ? ಅದು ಮದುವೆ, ಹಬ್ಬದ ಬಟ್ಟೆ. ಮೇಲಾಗಿ ಇಲ್ಲಿ ಇರೋರೆಲ್ಲ ಕೊಡವರೂ ಅಲ್ಲ.

ಸ್ಕ್ರಿಪ್ಟ್ ಕೈಗೆ ಬಂದಾಗ ಪ್ರತಿ ಪಾತ್ರದ ಬಗ್ಗೆ ಮೂರು ಪ್ರಶ್ನೆ ಕೇಳಿ. ಈ ಬಟ್ಟೆ ಯಾರು ತಂದಿದ್ದು? ಯಾರು ಒಗೀತಾರೆ? ಎಷ್ಟು ವರ್ಷ ಆಯ್ತು? ಉತ್ತರ ಹೊಳೆದರೆ ಅರ್ಧ ಕೆಲಸ ಮುಗೀತು.

ಒಂದು ಉದಾಹರಣೆ ಹೇಳ್ತೀನಿ. ಕಾಫಿ ಕೊಯ್ಯುವ ಹೆಂಗಸರು ಸೀರೆ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕೋದನ್ನ ನೋಡಿರ್ತೀರಿ. ಕೊಂಬೆ ಗೀರಬಾರದು, ಇರುವೆ ಕಚ್ಚಬಾರದು ಅಂತ. ಈಗ ನಿಮ್ಮ ಕಥೆಯ ಹೆಂಗಸಿನ ಗಂಡ ತೀರಿಹೋಗಿದ್ದಾನೆ ಅಂದುಕೊಳ್ಳಿ. ಅವಳು ಹಾಕಿರೋದು ಅವನದೇ ಅಂಗಿ. ತೋಳು ಉದ್ದ ಆಗಿ ಎರಡು ಸುತ್ತು ಮಡಚಿದ್ದಾಳೆ, ಮೂರನೇ ಗುಂಡಿ ಹೋದ ಕಡೆ ಪಿನ್ನು, ಜೇಬು ಮಾತ್ರ ಅವನು ಬೀಡಿ ಕಟ್ಟು ಇಟ್ಟೂ ಇಟ್ಟೂ ಜೋತುಬಿದ್ದಿದೆ. ಗಂಡನ ನೆನಪು ಅಂತ ಡೈಲಾಗ್ ಬೇಕಾ ಇನ್ನು? ಕೊನೇ ಸೀನಿನಲ್ಲಿ ಅವಳು ಅದನ್ನ ಬಿಚ್ಚಿ ಬೇರೆ ಅಂಗಿ ಹಾಕಿಕೊಂಡರೆ ಅದೇ ಕಥೆ.

ಹೀಗೆ ಬಟ್ಟೆ ಬದಲಾಗುತ್ತಾ ಮನುಷ್ಯ ಬದಲಾಗೋದಕ್ಕೆ 1982ರ 'ಗಾಂಧಿ' ನೋಡಿ. ಸೂಟು ತೊಟ್ಟ ಬ್ಯಾರಿಸ್ಟರ್ ಕೊನೆಗೆ ತುಂಡು ಪಂಚೆಗೆ ಬರ್ತಾನೆ. ಆ ವಸ್ತ್ರವಿನ್ಯಾಸಕ್ಕೆ ಜಾನ್ ಮೊಲೊ ಜೊತೆ ಭಾನು ಅಥೈಯಾ ಅವರಿಗೆ ಆಸ್ಕರ್ ಬಂತು, ಭಾರತೀಯರಲ್ಲಿ ಮೊದಲನೆಯದು.

ಹೊಸ ಅಂಗಿಯನ್ನ ಹಳೇದು ಮಾಡೋದು ಹೇಗೆ ಅಂದರೆ, ಮೊದಲು ನಾಲ್ಕೈದು ಸಲ ಒಗೆದು ಗಂಜಿ ಬಿಡಿಸಿ. ಕಾಲರ್ ಮಡಿಕೆ, ಮೊಣಕೈ, ತೋಳಿನ ಅಂಚು, ಇಷ್ಟಕ್ಕೆ ಮಾತ್ರ ಸ್ಯಾಂಡ್‌ಪೇಪರ್ ಉಜ್ಜಿ. ಬಿಳಿ ಬಟ್ಟೆ ಆದರೆ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ, ಕ್ಯಾಮೆರಾದಲ್ಲಿ ಬೆಳ್ಳಗೆ ಕಣ್ಣಿಗೆ ಹೊಡೆಯೋದೂ ನಿಲ್ಲುತ್ತೆ. ಜೇಬು ಜೋತುಬೀಳಬೇಕಾ? ಒದ್ದೆ ಇರುವಾಗಲೇ ಒಳಗೆ ಎರಡು ಕಲ್ಲು ಹಾಕಿ ರಾತ್ರಿ ನೇತುಹಾಕಿ. ಕೆಸರು ಮಾತ್ರ ಎಲ್ಲಾ ಕಡೆ ಬಳಿಯಬೇಡಿ, ಸೀರೆ ಅಂಚಿಗೆ, ಮೀನಖಂಡದ ಹಿಂದೆ ಸಾಕು. ನಡೆಯುವಾಗ ಎಗರೋದು ಅಲ್ಲಿಗೇ ಅಲ್ವಾ.

ಸಣ್ಣ ಗೆರೆ, ಸಣ್ಣ ಚೌಕುಳಿ ಇರೋ ಬಟ್ಟೆ ಬೇಡ, ಡಿಜಿಟಲ್ ಕ್ಯಾಮೆರಾದಲ್ಲಿ ಮಿಣಮಿಣ ಅನ್ನುತ್ತೆ. ಹಸಿರು ತೋಟದ ಮಧ್ಯೆ ಹಸಿರು ಸೀರೆ ಉಡಿಸಿದರೆ ಪಾತ್ರ ಗಿಡದೊಳಗೆ ಸೇರಿಹೋಗುತ್ತೆ. ಅವಳು ಯಾರ ಕಣ್ಣಿಗೂ ಬೀಳದ ಹೆಂಗಸು ಅಂತ ತೋರಿಸಬೇಕಾದರೆ ಬೇಕಂತಲೇ ಹಾಗೆ ಉಡಿಸಿ.

ಮದುವೆ ಸೀನ್ ಇದ್ದರೆ ಹಿರಿಯರನ್ನ ಕೇಳಿ. ಕೊಡವ ಸೀರೆಯ ನಿರಿಗೆ ಹಿಂದೆ, ಸೆರಗು ಬಲ ಭುಜಕ್ಕೆ. ಕುಪ್ಯ ಸಾಮಾನ್ಯವಾಗಿ ಕಪ್ಪು, ಮದುಮಗನಿಗೆ ಬಿಳಿ. ನಾನೇ ಒಂದು ಸಲ ಸೆರಗನ್ನ ಎಡಕ್ಕೆ ಪಿನ್ ಮಾಡಿಸಿ, ಸಗಣಿ ಸಾರಿಸಿದ ಅಂಗಳದಲ್ಲಿ ಮೂರು ಶಾಟ್ ತೆಗೆಸಿಬಿಟ್ಟಿದ್ದೆ. ನೋಡ್ತಾ ಕೂತಿದ್ದ ಪಕ್ಕದ ಮನೆ ಅಜ್ಜಿ "ಇದು ಯಾವ ಊರಿನ ಹೆಣ್ಣು ಮಗಾ?" ಅಂದರು. ಮೂರೂ ಶಾಟ್ ಮತ್ತೆ ತೆಗೆದೆವು.

ಮಳೆಗಾಲದಲ್ಲಿ ಶೂಟ್ ಇದ್ದರೆ ಒಂದೇ ಥರದ ಎರಡು ಜೊತೆ ಇರಲಿ, ಆಗದಿದ್ದರೆ ಮಳೆ ಸೀನ್ ಕೊನೆಗೆ ಇಟ್ಟುಕೊಳ್ಳಿ. ಜುಲೈನಲ್ಲಿ ಇಲ್ಲಿ ಬಟ್ಟೆ ಒಣಗೋದು ಒಲೆ ಮೇಲೇನೇ. ಪ್ರತಿ ಶಾಟ್ ಆದಮೇಲೆ ಫೋನಿನಲ್ಲಿ ಒಂದು ಫೋಟೋ ತೆಗೀರಿ, ತೋಳು ಎಷ್ಟು ಸುತ್ತು ಮಡಚಿತ್ತು ಅಂತ ಮರುದಿನ ಯಾರಿಗೂ ನೆನಪಿರಲ್ಲ.

ಇಷ್ಟೆಲ್ಲ ಕಷ್ಟ ಬೇಡ ಅಂದರೆ ತೋಟದಲ್ಲಿ ಕೆಲಸ ಮಾಡುವವರಿಗೆ ಹೊಸ ಅಂಗಿ ಕೊಟ್ಟು ಹಳೇದು ಕೇಳಿ. ಖುಷಿಯಾಗಿ ಕೊಡ್ತಾರೆ. ಆದರೆ ಒಗೆಯಬೇಡಿ ಅಂತ ಮೊದಲೇ ಹೇಳಿಬಿಡಿ, ಇಲ್ಲಾಂದರೆ ಸಿನಿಮಾಕ್ಕಲ್ವಾ ಅಂತ ಉಜಾಲ ಹಾಕಿ, ಇಸ್ತ್ರಿ ಮಾಡಿ, ಹೋದ ಗುಂಡಿಯನ್ನೂ ಹೊಲಿದು ಕೊಡ್ತಾರೆ.