ಕಾಕಂಬಿ ಟ್ಯಾಂಕಿನ ತಳ ಪರೀಕ್ಷಿಸಿದ್ದು: ನನ್ನ ಅನುಭವ

ಟ್ಯಾಂಕಿನ ಗೋಡೆಗೆ ಹಿಡಿದ ತುಕ್ಕು ನಡೆದು ಹೋಗುವವರಿಗೂ ಕಾಣುತ್ತದೆ. ತಳದ ತಗಡಿನ ಅಡಿಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಕಲಬುರಗಿಯ ಎರೆಮಣ್ಣು ಮಳೆಗಾಲದಲ್ಲಿ ಹಿಡಿದ ನೀರನ್ನು ಬೇಗ ಬಿಡುವುದಿಲ್ಲ. ಬುನಾದಿಯ ಅಂಚು ಬಿರಿದಿದ್ದರೆ ತೇವ ನೇರ ತಳಕ್ಕೆ. ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಮಂದ ಪಾಕ) ಟ್ಯಾಂಕನ್ನು ಹಂಗಾಮು ಮುಗಿದ ಮೇಲೆ ನೋಡಿದ್ದು ಅದಕ್ಕೇ.

ಮೊದಲು ಗಾಳಿ. ಉಳಿದ ಗಸಿ ಹುಳಿತರೆ ಕಾರ್ಬನ್ ಡೈಆಕ್ಸೈಡ್ ತಳದಲ್ಲೇ ಕೂರುತ್ತದೆ, ವಾಸನೆಯೂ ಬರುವುದಿಲ್ಲ. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆಯಿದ್ದರೆ ನಾನು ಇಳಿಯುವುದಿಲ್ಲ, ಯಾರು ಅವಸರ ಮಾಡಿದರೂ ಸರಿ. ಆಮೇಲೆ ಸ್ವಚ್ಛತೆ. ಸಡಿಲ ತುಕ್ಕಿನ ಚಕ್ಕೆಗಳು ಪರೀಕ್ಷಾ ಯಂತ್ರದ ಅಯಸ್ಕಾಂತಕ್ಕೆ ಮೆತ್ತಿಕೊಂಡು ಸುಳ್ಳು ಸೂಚನೆ ಕೊಡುತ್ತವೆ.

ತಳದ ಸವೆತ ಹುಡುಕುವ ಈ ಯಂತ್ರ ತಳ್ಳುಗಾಡಿಯಂತಿರುತ್ತದೆ. ಅದರ ಬಲವಾದ ಅಯಸ್ಕಾಂತ ತಗಡಿನೊಳಗೆ ಕಾಂತರೇಖೆಗಳನ್ನು ತುಂಬುತ್ತದೆ. ಲೋಹ ಸವೆದಲ್ಲಿ ಅವು ಹೊರಗೆ ಸೋರುತ್ತವೆ, ಕಾಂತಕ್ಷೇತ್ರ ಗುರುತಿಸುವ ಹಾಲ್ ಸೆನ್ಸರ್‌ಗಳು ಅದನ್ನು ಹಿಡಿಯುತ್ತವೆ. ತಳ 8 ಮಿ.ಮೀ ಇದ್ದುದರಿಂದ ಅಷ್ಟೇ ದಪ್ಪದ, ಅಳತೆಯ ಕುಳಿ ಕೊರೆದ ತಗಡಿನ ಮೇಲೆ ಯಂತ್ರವನ್ನು ಹೊಂದಿಸಿಕೊಂಡೆ.

ಒಂದು ಕಡೆ ಅಲಾರಂ ಬಡಿಯಿತು. ಜೊತೆಗಿದ್ದ ಹುಡುಗ ಬಗ್ಗಿ ನೋಡಿ, “ಸರ್, ಇಲ್ಲಿ ಜಂಗೇ ಇಲ್ಲರಿ, ತಗಡ ಛಲೋ ಅದ” ಅಂದ. ಗ್ರೀಸ್ ಹಚ್ಚಿ ಶಬ್ದತರಂಗದಿಂದ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಪ್ರೋಬ್ ಇಟ್ಟರೆ 4.6 ಮಿ.ಮೀ. ಮೇಲೆ ನುಣುಪು ಇರುವಾಗ ಸವೆದದ್ದು ಅಡಿಯಿಂದಲೇ. ಇನ್ನೊಂದು ಕಡೆ ಸೂಚನೆ ಅದಕ್ಕಿಂತ ಜೋರು, ಆದರೆ ಪ್ರೋಬ್ ತೋರಿಸಿದ್ದು 6.9. ಅಲ್ಲಿ ಸವೆತ ಅಗಲ, ಆಳವಿಲ್ಲ. ಈ ಯಂತ್ರ ಸ್ಪಂದಿಸುವುದು ಒಟ್ಟು ಎಷ್ಟು ಲೋಹ ಹೋಗಿದೆ ಎಂಬುದಕ್ಕೆ, ಬರೀ ಆಳಕ್ಕಲ್ಲ. ಅಲಾರಂ ನೋಡಿಯೇ ದಪ್ಪ ಬರೆದು ಬಿಡುವ ವರದಿಗಳನ್ನು ನಾನು ನಂಬುವುದಿಲ್ಲ.

ಗೋಡೆ ತಳಕ್ಕೆ ಕೂಡುವ ಮೂಲೆಗೆ ಗಾಡಿ ಹೋಗುವುದೇ ಇಲ್ಲ. ಆದರೆ ಹೊರಗಿನ ತೇವ ಮೊದಲು ಮುಟ್ಟುವುದು ಅಲ್ಲೇ. ಸೀಮೆಸುಣ್ಣದಲ್ಲಿ ಚೌಕ ಹಾಕಿ, ಕೂತು ಕೂತು ಕೈಯಲ್ಲೇ ಅಳೆದೆವು. ಬೀದರಿನ ಔಷಧ ಕಾರ್ಖಾನೆಗಳ 316 ಸ್ಟೇನ್‌ಲೆಸ್ ಪಾತ್ರೆಗಳಿಗಾದರೆ ಈ ಗಾಡಿ ಕೆಲಸಕ್ಕೆ ಬಾರದು, ಅಯಸ್ಕಾಂತವೇ ಹಿಡಿಯುವುದಿಲ್ಲ. ಅಲ್ಲಿ ಎಡ್ಡಿ ಕರೆಂಟ್, ಅಂದರೆ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ದೋಷ ಹುಡುಕುವ ವಿಧಾನ ಬೇಕು.

ಟ್ಯಾಂಕಿಗೆ 17 ವರ್ಷ. 8ರಲ್ಲಿ 4.6 ಉಳಿದಿದೆ, 3.4 ಮಿ.ಮೀ ಸವೆತ ಎಂದರೆ ವರ್ಷಕ್ಕೆ 0.2. ಟ್ಯಾಂಕ್ ತಪಾಸಣೆಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಮಾಡಿದ ಎಪಿಐ 653 ಮಾನದಂಡದ ಪ್ರಕಾರ, ಸೋರಿಕೆ ಹಿಡಿಯುವ ಏರ್ಪಾಡಿಲ್ಲದ ತಳದಲ್ಲಿ ಮುಂದಿನ ತಪಾಸಣೆಯ ಹೊತ್ತಿಗೂ ಸುಮಾರು 2.5 ಮಿ.ಮೀ ಉಳಿದಿರಬೇಕು. ಲೆಕ್ಕಕ್ಕೆ 10 ವರ್ಷ ಸಿಗುತ್ತದೆ. ಆದರೆ ಅಂಚು ಬಿರಿದದ್ದು ಈಚೆಗೆ ಇರಬಹುದು, ಆಗ ಸವೆತದ ವೇಗ ಸರಾಸರಿಗಿಂತ ಹೆಚ್ಚೇ. ಹಾಗಾಗಿ 5 ವರ್ಷದೊಳಗೆ ಮತ್ತೆ ನೋಡಬೇಕೆಂದು ಬರೆದೆ. ಮಳೆಗೆ ಮುಂಚೆ ಅಂಚಿನ ಬಿರುಕು ಮುಚ್ಚಿಸಿ ಎಂದೂ ಸೇರಿಸಿದೆ.